ಮಾತ್ರೆ ಎಣಿಸುವುದಷ್ಟೇ ಅಲ್ಲ



ಔಷಧಿ ಅಂಗಡಿಯವರೆಂದರೆ ಯಾರು? ಡಾಕ್ಟರ ಚೀಟಿ ನೋಡಿ, ಮಾತ್ರೆ ಕತ್ತರಿಸಿ, ಪೊಟ್ಟಣಕ್ಕೆ ಹಾಕಿ ಕೊಡುವವರು. ನಮ್ಮಂಥ ಊರುಗಳಲ್ಲಿ ನಮಗೆಲ್ಲ ಗೊತ್ತಿರುವುದು ಇಷ್ಟೇ. ಅದಕ್ಕೇ ಇರಬೇಕು, ಹೋದ ಪಕ್ಷ ಒಬ್ಬ ತಾಯಿ ಕಾಗದ ಬರೆದು ಕೇಳಿದ್ದಾರೆ. ಅವರ ಮಗಳು ಫಾರ್ಮ್.ಡಿ. ಮುಗಿಸಿದ್ದಾಳೆ. ಇನ್ನು ಅಮೆರಿಕೆಗೆ ಹೋಗಿ ಸೋಂಕು ರೋಗಗಳ ಔಷಧಿಯಲ್ಲೇ ವಿಶೇಷ ತರಬೇತಿ ಪಡೆಯಬೇಕೆಂದು ಹಟ. "ಆರು ವರ್ಷ ಓದಿದ ಮೇಲೂ ಮಾತ್ರೆ ಕೊಡೋಕೆ ಇನ್ನೇನು ಕಲಿಯೋದಿದೆ? ಮದುವೆ ಮಾಡಿ" ಅಂತ ಮನೆಯ ಹಿರಿಯರು. ತಾಯಿಗೆ ಹೂಂ ಅನ್ನಲೂ ಭಯ, ಬೇಡ ಅನ್ನಲೂ ಸಂಕಟ.

ನನ್ನ ಅಕ್ಕನ ಮಗಳು ಅಲ್ಲಿ ಇದೇ ತರಬೇತಿಯಲ್ಲಿದ್ದಾಳೆ. ಅವಳನ್ನು ಕೆದಕಿ ಕೆದಕಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ, ಕೇಳಿ.

ಅಮೆರಿಕೆಯಲ್ಲಿ ಫಾರ್ಮಸಿ ಪದವಿ ಪಡೆದವರು ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರವೇ ಕೆಲಸ ಮಾಡಬೇಕೆಂದರೆ ಸಾಮಾನ್ಯವಾಗಿ 1 ವರ್ಷ ರೆಸಿಡೆನ್ಸಿ ಮಾಡುತ್ತಾರೆ. ಅದರಲ್ಲಿ ಬೇರೆ ಬೇರೆ ವಾರ್ಡುಗಳ ಕೆಲಸ ಕಲಿಯುತ್ತಾರೆ. ಅದು ಮುಗಿದ ಮೇಲೆ ಬೇಕಾದವರು ಇನ್ನೊಂದು ವರ್ಷ ಒಂದೇ ವಿಷಯ ಹಿಡಿಯಬಹುದು. ಕೆಲವರು ಕ್ಯಾನ್ಸರ್, ಕೆಲವರು ಮಕ್ಕಳ ಕಾಯಿಲೆ, ಕೆಲವರು ಸೋಂಕು ರೋಗ. ಈ ತರಬೇತಿಗಳಿಗೆ ಎ.ಎಸ್.ಎಚ್.ಪಿ. ಎಂಬ ಫಾರ್ಮಸಿಸ್ಟರ ಸಂಘ ಮಾನ್ಯತೆ ಕೊಡುತ್ತದೆ. ಆ ಅವಧಿಯಲ್ಲಿ ಆಸ್ಪತ್ರೆ ಸಂಬಳವನ್ನೂ ಕೊಡುತ್ತದೆ. ಪೂರ್ಣ ಫಾರ್ಮಸಿಸ್ಟರ ಸಂಬಳಕ್ಕಿಂತ ಅದು ಕಡಿಮೆಯೇ.

ಅಲ್ಲಿ ಇವಳ ಕೆಲಸವೇನು? ಬೆಳಗಾದರೆ ಯಾವ ರೋಗಿಗೆ ಯಾವ ಆಂಟಿಬಯೋಟಿಕ್ ಹೋಗುತ್ತಿದೆ ಎಂದು ಪಟ್ಟಿ ನೋಡುವುದು. ರಕ್ತದಲ್ಲಿ, ಮೂತ್ರದಲ್ಲಿ ಯಾವ ರೋಗಾಣು ಬೆಳೆದಿದೆ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬ ಲ್ಯಾಬಿನ ವರದಿ ನೋಡುವುದು. ಆಮೇಲೆ ಡಾಕ್ಟರ ಜೊತೆ ರೌಂಡ್ಸು. "ಈ ಔಷಧಿ ಇನ್ನು ಸಾಕು", "ಇವರಿಗೆ ಡ್ರಿಪ್ ನಿಲ್ಲಿಸಿ ಮಾತ್ರೆ ಕೊಡಬಹುದು" ಎಂದು ಸಲಹೆ ಕೊಡುವುದು ಇವಳ ಕೆಲಸ.

ವ್ಯಾಂಕೊಮೈಸಿನ್ ಎಂಬ ಔಷಧಿಯನ್ನೇ ತಗೊಳ್ಳಿ. ಹುಳಿಗೆ ಉಪ್ಪು ಹಾಕಿದ ಹಾಗೆ ಅದು, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಕಡಿಮೆಯಾದರೆ ರೋಗಾಣು ಸಾಯದು, ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ರೋಗಿಯ ತೂಕ, ಮೂತ್ರಪಿಂಡದ ಶಕ್ತಿ, ರಕ್ತದಲ್ಲಿ ಔಷಧಿ ಎಷ್ಟಿದೆ, ಇಷ್ಟನ್ನೂ ನೋಡಿ ಲೆಕ್ಕ ಹಾಕಬೇಕು.

ಇನ್ನೊಂದು ವಿಷಯ ಕೇಳಿ ನನಗೇ ಆಶ್ಚರ್ಯವಾಯಿತು. ಅಮೆರಿಕೆಯಲ್ಲಿ 100ಕ್ಕೆ 10 ಜನ ತಮಗೆ ಪೆನಿಸಿಲಿನ್ ಒಗ್ಗುವುದಿಲ್ಲ ಅನ್ನುತ್ತಾರಂತೆ. ಪರೀಕ್ಷಿಸಿ ನೋಡಿದರೆ ನಿಜವಾಗಿ ಅಲರ್ಜಿ ಇರುವವರು 100ಕ್ಕೆ ಒಬ್ಬರಿಗಿಂತ ಕಡಿಮೆ. ಎಂದೋ ಚಿಕ್ಕಂದಿನಲ್ಲಿ ಮೈಮೇಲೆ ಗಂಧೆ ಎದ್ದದ್ದಕ್ಕೆ ಜೀವಮಾನವಿಡೀ ಒಳ್ಳೆಯ ಔಷಧಿ ತಪ್ಪಿಹೋಗುತ್ತದೆ. ಹಾಗೆ ಆಗದಂತೆ ರೋಗಿಯ ಪಕ್ಕ ಕೂತು ವಿಚಾರಿಸುವುದೂ ಈ ಓದಿನ ಭಾಗವೇ.

ಇಷ್ಟೆಲ್ಲ ಯಾಕೆ? ತಿಗಣೆಗೆ ಒಂದೇ ಔಷಧಿ ಹೊಡೆಯುತ್ತಾ ಹೋದರೆ ಸಾಯದೆ ಉಳಿದವುಗಳ ಸಂತಾನವೇ ಮನೆ ತುಂಬುತ್ತದಲ್ಲವೇ? ರೋಗಾಣುವೂ ಹಾಗೆಯೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. 2019ರಲ್ಲಿ ಔಷಧಿಗೆ ಬಗ್ಗದ ರೋಗಾಣುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲೆಕ್ಕ ಹಾಕಿದ್ದಾರೆ. ಹೀಗಿರುವಾಗ ಔಷಧಿಯನ್ನು ಕಾಪಾಡುವ ವಿದ್ಯೆ ಸಣ್ಣದು ಹೇಗಾದೀತು?

ಈಗ ಆ ತಾಯಿಗೆ ನೇರವಾಗಿ ಹೇಳುತ್ತೇನೆ. ಅಮ್ಮಾ, ದಾರಿ ಇದೆ, ಆದರೆ ಸುಲಭವಲ್ಲ. ಮೊದಲು ಎನ್.ಎ.ಬಿ.ಪಿ. ಎಂಬ ಸಂಸ್ಥೆ ವಿದೇಶದ ಪದವಿಯನ್ನು ಪರಿಶೀಲಿಸುತ್ತದೆ. ಅದರ ಪರೀಕ್ಷೆ ಮತ್ತು ಇಂಗ್ಲಿಷ್ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ. 2003ರಿಂದೀಚೆಗೆ ಪದವಿ ಪಡೆದವರಿಗೆ ಕನಿಷ್ಠ 5 ವರ್ಷದ ಕೋರ್ಸು ಆಗಿರಬೇಕು. ನಮ್ಮ ದೇಶದಲ್ಲಿ 2008ರಲ್ಲಿ ಬಂದ ಫಾರ್ಮ್.ಡಿ. 6 ವರ್ಷದ್ದು, ಆದ್ದರಿಂದ ಆ ಲೆಕ್ಕ ಸರಿಹೋಗುತ್ತದೆ. 4 ವರ್ಷದ ಬಿ.ಫಾರ್ಮ್. ಒಂದೇ ಇದ್ದರೆ ಸಾಲದು. ಆಮೇಲೆ ಸೀಟಿಗೆ ಬಹಳ ಪೈಪೋಟಿ. ವೀಸಾಕ್ಕೆ ಎಲ್ಲ ಆಸ್ಪತ್ರೆಗಳೂ ನೆರವಾಗುವುದಿಲ್ಲ. ಅದನ್ನು ಮೊದಲೇ ಕೇಳಿ ತಿಳಿಯದೆ ಸಾಲ ಮಾಡಬೇಡಿ. ಸೀಟು ಸಿಗದಿದ್ದರೆ ಮುಂದೇನು ಎಂದು ಮಗಳ ಜೊತೆ ಕೂತು ಮಾತಾಡಿ. ಆದರೆ "ಮಾತ್ರೆ ಕೊಡೋಕೆ ಇಷ್ಟು ಓದೇ?" ಎಂಬ ಮಾತಿಗೆ ಮಾತ್ರ ಅವಳನ್ನು ತಡೆಯಬೇಡಿ. ಹಿರಿಯರಿಗೆ ಈ ಪುಟವನ್ನೇ ಓದಿ ಹೇಳಿ.

ಉಳಿದ ನಮಗೂ ಇದರಲ್ಲಿ ಪಾಠವಿದೆ. ಮನೆಯಲ್ಲಿ ಯಾರಿಗೆ ಯಾವ ಔಷಧಿ ಒಗ್ಗದು, ಒಗ್ಗದಾಗ ಏನಾಯಿತು, ಮೂತ್ರಪಿಂಡದ ತೊಂದರೆ ಇದೆಯೇ, ದಿನವೂ ಯಾವ ಮಾತ್ರೆ ನುಂಗುತ್ತಾರೆ, ಇವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಡಾಕ್ಟರಿಗೂ ಅಂಗಡಿಯವರಿಗೂ ತೋರಿಸಿ. ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ. ನೆಗಡಿಗೆ ಆಂಟಿಬಯೋಟಿಕ್ ಕೊಡಿ ಎಂದು ನೀವಾಗಿ ಕೇಳಬೇಡಿ, ನೆಗಡಿ ತರುವ ವೈರಸ್ಸಿಗೆ ಅದು ನಾಟುವುದಿಲ್ಲ. ಪಕ್ಕದ ಮನೆಯವರಿಗೆ ಮಿಕ್ಕಿದ ಮಾತ್ರೆ ಕೊಡುವ ಉಪಕಾರವಂತೂ ಬೇಡವೇ ಬೇಡ. ಮಿಕ್ಕಿದ ಹುಳಿ ಬೇಕಾದರೆ ಕೊಡಿ!