ಕಿಣ್ವಕ್ಕೆ ಬೇಕಾದ ಜೊತೆ

ಹೊಟ್ಟೆ ತುಂಬ ರೊಟ್ಟಿ ಉಣ್ಣುವವರಿಗೂ ವೈದ್ಯರು ಜೀವಸತ್ತ್ವದ ಗುಳಿಗೆ ಬರೆದುಕೊಡುವುದೇಕೆಂದು ತಾಯಿಯೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ಸಣ್ಣದಲ್ಲ, ಉತ್ತರವು ಕಿಣ್ವಗಳ ರಚನೆಯಲ್ಲಿದೆ.

ಉಂಡ ಆಹಾರವು ಶಕ್ತಿಯಾಗಿ ಪರಿಣಮಿಸುವ ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವ ಬೇಕು. ಕಿಣ್ವವೆಂದರೆ ಬಹುಮಟ್ಟಿಗೆ ಪ್ರೋಟೀನು. ಆದರೆ ಅನೇಕ ಕಿಣ್ವಗಳಲ್ಲಿ ಪ್ರೋಟೀನೊಂದರಿಂದಲೇ ಕಾರ್ಯ ಸಾಗದು. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್. 1906ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹು ಸರಳವಾದುದು. ಸಕ್ಕರೆಯನ್ನು ಹುದುಗಿಸುವ ಯೀಸ್ಟಿನ ರಸವನ್ನು ಅವರು ಜೆಲಾಟಿನ್ ಸೋಸುಕದಲ್ಲಿ ಒತ್ತಡ ಕೊಟ್ಟು ಸೋಸಿದರು. ಮೇಲುಳಿದ ಭಾಗವು ಸಕ್ಕರೆಯನ್ನು ಹುದುಗಿಸಲಿಲ್ಲ. ಕೆಳಗಿಳಿದ ತಿಳಿಯೂ ಹುದುಗಿಸಲಿಲ್ಲ. ಎರಡನ್ನೂ ಮರಳಿ ಕೂಡಿಸಿದೊಡನೆ ಹುದುಗುವಿಕೆ ಆರಂಭವಾಯಿತು! ಇನ್ನೊಂದು ಸೋಜಿಗವೆಂದರೆ, ಮೇಲಿನ ಭಾಗವನ್ನು ಕುದಿಸಿದರೆ ಅದರ ಶಕ್ತಿ ನಾಶವಾಗುತ್ತಿತ್ತು. ತಿಳಿಯನ್ನು ಕುದಿಸಿದರೂ ಅದರ ಗುಣ ಕೆಡುತ್ತಿರಲಿಲ್ಲ. ಮೇಲಿನದು ಪ್ರೋಟೀನು, ಕೆಳಗಿನದು ಅದಕ್ಕೆ ಜೊತೆಯಾಗುವ ಸಣ್ಣ ಅಣುಗಳು. ಹಾರ್ಡನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಜೊತೆಯಿಲ್ಲದ ಪ್ರೋಟೀನು ಭಾಗಕ್ಕೆ ಅಪೊಎಂಜೈಮ್ ಎಂದೂ, ಜೊತೆಗೂಡಿದ ಪೂರ್ಣರೂಪಕ್ಕೆ ಹೋಲೊಎಂಜೈಮ್ ಎಂದೂ ಹೆಸರು. ಜೊತೆಯಾಗುವ ವಸ್ತುವು ಲೋಹವಾಗಿರಬಹುದು. ನಮ್ಮ ರಕ್ತಕಣಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನೊಡನೆ ಕೂಡಿಸುವ ಕಿಣ್ವದಿಂದ ಸತುವನ್ನು ತೆಗೆದರೆ ಅದು ನಿಶ್ಚೇಷ್ಟಿತವಾಗುತ್ತದೆ. ಸತುವನ್ನು ಮರಳಿ ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸಾವಯವ ಅಣುವಾದರೆ ಅದನ್ನು ಸಹಕಿಣ್ವವೆನ್ನುತ್ತಾರೆ.

ಯೀಸ್ಟಿನ ತಿಳಿಯಲ್ಲಿದ್ದ ಪ್ರಮುಖ ಸಹಕಿಣ್ವದ ಒಂದು ಅಂಗವು ನಿಕೋಟಿನಮೈಡ್ ಎಂಬುದು 1930ರ ದಶಕದಲ್ಲಿ ತಿಳಿದುಬಂತು. ಇದು ನಯಾಸಿನ್ ಎಂಬ ಜೀವಸತ್ತ್ವದ ರೂಪವೇ. ಇದು ಸಾಲದಾದರೆ ದೇಹದಲ್ಲಿ ಪ್ರೋಟೀನು ಎಷ್ಟಿದ್ದರೂ ಅನೇಕ ಕಿಣ್ವಗಳ ಕೆಲಸ ಕುಂಠಿತವಾಗುತ್ತದೆ. ಬಿಸಿಲು ತಾಗುವ ಚರ್ಮ ಕಪ್ಪಾಗಿ ಒರಟಾಗುತ್ತದೆ, ಭೇದಿಯಾಗುತ್ತದೆ, ಬುದ್ಧಿ ಭ್ರಮಿಸುತ್ತದೆ. ಪೆಲ್ಲಾಗ್ರ ಎಂಬ ಈ ರೋಗಕ್ಕೆ ಚಿಕಿತ್ಸೆಯಾಗದಿದ್ದರೆ ಸಾವೂ ಸಂಭವಿಸಬಹುದು.

ಈ ರೋಗ ಮೆಕ್ಕೆಜೋಳವನ್ನೇ ನಂಬಿದ ದೇಶಗಳದ್ದೆಂದು ಭಾವಿಸಲಾಗಿತ್ತು. ಆದರೆ ದಖ್ಖನಿನಲ್ಲಿ ಬಿಳಿಜೋಳ ಉಣ್ಣುವ ಬಡವರಲ್ಲಿಯೂ ಅದು ಇರುವುದನ್ನು ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ವರದಿ ಮಾಡಿದರು. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಕಾರಣವಿರಬಹುದೆಂದು ಅವರ ವಾದ. ಇದು ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ಹಾಗೆಂದು ಜೋಳವನ್ನು ಬಿಡಬೇಕಿಲ್ಲ. ಕೇಳಿದ ತಾಯಿಗೆ ನಾವು ಹೇಳಿದ್ದೂ ಇದನ್ನೇ: ಬರಿಯ ರೊಟ್ಟಿಯಿಂದಲೇ ದಿನಗಳೆಯುವವರಿಗೆ ಕಷ್ಟ. ಬೇಳೆ, ಹಾಲುಗಳಲ್ಲಿರುವ ಟ್ರಿಪ್ಟೊಫಾನಿನಿಂದ ದೇಹವು ಸ್ವಲ್ಪ ನಯಾಸಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ವಿದ್ಯಾರ್ಥಿದೆಸೆಯಲ್ಲಿ ನಮ್ಮ ತಟ್ಟೆಗೆ ರೊಟ್ಟಿಯೊಡನೆ ಶೇಂಗಾ ಚಟ್ನಿ ತಪ್ಪದೆ ಬೀಳುತ್ತಿತ್ತು. ಅದು ನಾಲಗೆಯ ರುಚಿಗೆಂದೇ ನಾವು ತಿಳಿದಿದ್ದೆವು. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿರುವುದು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ.