ಮಾಸ್ತಿಕಲ್ಲು ಸಾಕು, ಕಾಯಕದ ಕಲ್ಲು ಬೇಕು



ಕುಂದಾಪುರ ಸೀಮೆಯ ಸಿದ್ದಾಪುರದಿಂದ ಹೊಸಂಗಡಿಯನ್ನು ದಾಟಿ ಹುಲಿಕಲ್ ಘಾಟಿಯನ್ನೇರಿದರೆ ಮಾಸ್ತಿಕಟ್ಟೆ ಸಿಗುತ್ತದೆ. ಆ ಹೆಸರನ್ನು ಕೇಳಿದೊಡನೆ ನಮ್ಮ ನಾಡಿನ ಮಾಸ್ತಿಕಲ್ಲುಗಳು ನೆನಪಾಗುತ್ತವೆ. ಬಳೆ ತೊಟ್ಟು ಮೇಲೆತ್ತಿದ ಒಂದು ಕೈ. ಗಂಡನ ಚಿತೆಯೇರಿದವಳ ಗುರುತು. ಊರಿನ ದನಗಳನ್ನು ಕಾಯುತ್ತ ಮಡಿದ ಗಂಡಸಿನ ಹೋರಾಟವನ್ನೇ ವೀರಗಲ್ಲಿನಲ್ಲಿ ಕಡೆದರು. ಹೆಣ್ಣು ಬದುಕಿ ಮಾಡಿದ ಕೆಲಸಕ್ಕೆ ಕಲ್ಲು ದೊರೆತದ್ದು ತೀರ ವಿರಳ. ಉರಿದು ಸತ್ತದ್ದಕ್ಕೆ ದೊರೆಯಿತು. ಇದು ಗೌರವವೇ? ನೀವೇ ಹೇಳಿ.

ಕಾಲ ಬದಲಾಗಿದೆ ಎನ್ನುವಿರಿ. ನಮ್ಮ ಉದ್ಯಾನಗಳನ್ನು ನೋಡಿ. ಸೊಂಟದ ಮೇಲೆ ಕೊಡವಿರಿಸಿಕೊಂಡ ಸಿಮೆಂಟಿನ ಹೆಣ್ಣೊಬ್ಬಳು ನಿಂತಿರುತ್ತಾಳೆ. ಅವಳಿಗೆ ಹೆಸರಿಲ್ಲ, ಊರಿಲ್ಲ. ಆ ನೀರು ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ. ಅದು ಅಲಂಕಾರ, ಸ್ಮಾರಕವಲ್ಲ.

ಕೊಡದ ಅರ್ಥ ತಿಳಿಯಬೇಕಾದರೆ ಇನ್ನೊಂದು ಹುಲಿಕಲ್ಲಿಗೆ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಹೋಗಬೇಕು. ಅಲ್ಲಿ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಕುದೂರಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಆ ಸಾಲುಮರಗಳು 385 ಎಂದು ಲೆಕ್ಕ. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಅವೇ ಮರಗಳಿಗೆ ಕುತ್ತು ಬಂದು, ಆ ವೃದ್ಧೆ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಒಂದು ಕೈಯಲ್ಲಿ ಪದಕ, ಇನ್ನೊಂದು ಕೈಯಲ್ಲಿ ಕೊಡಲಿ! 2025ರ ನವೆಂಬರ್ 14ರಂದು ಅವರು ನಮ್ಮನ್ನಗಲಿದರು. ಅದಕ್ಕೂ ಮುನ್ನ, ಅರಣ್ಯ ಇಲಾಖೆಯ ಸಸಿಗಳನ್ನು ಮಕ್ಕಳಂತೆ ಸಲಹಿದ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರಲ್ಲಿಯೂ, ಕೂಲಿ ಬಯಸದೆ ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 2018ರಲ್ಲಿಯೂ ತೀರಿಕೊಂಡರು.

ಕಾಯಕಜೀವಿಗಳಿಗೆ ಪ್ರತಿಮೆಯ ಹಂಗೇಕೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಮಾತೇನೋ ಚೆನ್ನ. ಆದರೆ ರಾಜಕಾರಣಿಗಳ ಪ್ರತಿಮೆಗೆ ಚಂದಾ ಎತ್ತುವಾಗ ಈ ವೈರಾಗ್ಯ ಎಲ್ಲಿ ಅಡಗಿತ್ತು? ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನೂ, ಅಗತ್ಯಕ್ಕೆ ಮೀರಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿಗೇ ಬುದ್ಧಿ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನೂ ಶರಣೆಯರೆಂದು ಪೂಜಿಸುವ ನಾವು, ಅವರ ಕಾಯಕವನ್ನು ಬಿಟ್ಟು ಅವರನ್ನು ನೆನೆಯಲಾದೀತೇ?

ಆದುದರಿಂದ ಕಲ್ಲು ನಿಲ್ಲಲಿ. ಆದರೆ ಸಿಂಹಾಸನದ ಮೇಲಲ್ಲ, ಕೆಲಸ ನಡೆದ ನೆಲದ ಮೇಲೆ. ಕೈಯಲ್ಲಿ ಕೊಡವಿರಲಿ, ಕಾಲ ಬಳಿ ಸಸಿಯಿರಲಿ, ಕೆಳಗೆ ಹೆಸರಿರಲಿ. ಎಲ್ಲಕ್ಕಿಂತ ಮೊದಲು ಆ ಮರಗಳು ಉಳಿಯಲಿ. ಮರವನ್ನು ಕಡಿದು ಮೂರ್ತಿಯನ್ನು ಕಡೆದರೆ ಅದೂ ಮತ್ತೊಂದು ಮಾಸ್ತಿಕಲ್ಲೇ ಆದೀತು.