ಕುಂಟುತ್ತಾ ಓಡುವವನಿಗೆ ಚಪ್ಪಾಳೆ ಹೊಡೆಯಬೇಡಿ

ಡೆರೆಕ್ ರೆಡ್ಮಂಡ್‌ನ ವಿಡಿಯೋ ನೀವೂ ನೋಡಿರ್ತೀರ. 1992ರ ಬಾರ್ಸಿಲೋನಾ ಒಲಿಂಪಿಕ್ಸ್, 400 ಮೀಟರ್ ಸೆಮಿಫೈನಲ್. ಅರ್ಧ ದೂರವೂ ಮುಗಿದಿರಲಿಲ್ಲ, ತೊಡೆಯ ಹಿಂದಿನ ಸ್ನಾಯು ಹರೀತು. ಒಂಟಿ ಕಾಲಲ್ಲಿ ಕುಪ್ಪಳಿಸ್ತಾ ಹೊರಟ. ಅಪ್ಪ ಗ್ಯಾಲರಿಯಿಂದ ಓಡಿ ಬಂದು ಹೆಗಲು ಕೊಟ್ಟ. ನನಗೂ ಕಣ್ಣು ತುಂಬುತ್ತೆ ರೀ, ನಾನೇನು ಕಲ್ಲಲ್ಲ. ಆದ್ರೆ ಅದರ ಕೆಳಗೆ "ನೋವು ನುಂಗಿ ಓಡುವವನೇ ನಿಜವಾದ ಓಟಗಾರ" ಅಂತ ಬರೆದು ಊರಿಗೆಲ್ಲಾ ಕಳಿಸ್ತಾರಲ್ಲ, ನನ್ನ ತಕರಾರು ಅಲ್ಲಿ.

ಇದೇ ರೆಡ್ಮಂಡ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಕಿಲಿಸ್ ನೋವಿನಿಂದಾಗಿ ಹೀಟ್ಸ್ ಶುರುವಾಗೋ ಮುಂಚೆಯೇ ಹಿಂದೆ ಸರಿದಿದ್ದ. ಮೂರು ವರ್ಷದ ನಂತರ, 1991ರ ಟೋಕಿಯೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 4x400 ರಿಲೇ ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿ ಅವನಿದ್ದ. ಈ ಕಥೆಯನ್ನ ಯಾರೂ ಫಾರ್ವರ್ಡ್ ಮಾಡಲ್ಲ! ಹಿಂದೆ ಸರಿಯೋದ್ರಲ್ಲಿ ಕಣ್ಣೀರು ಬರಿಸೋ ದೃಶ್ಯ ಇಲ್ಲವಲ್ಲ.

ಈ "ನುಂಗಿ ಓಡು" ಉಪದೇಶದ ಬೆಲೆ ತೆರೋದು ಮೈದಾನದ ಹುಡುಗರು. ಕಾಲೇಜಲ್ಲಿ ನಾನು 1500 ಮೀಟರ್ ಓಡ್ತಿದ್ದೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವು, ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಓಡೋದು ನಿಲ್ಲಿಸಿದೆ. "ಇಂಜಿನಿಯರಿಂಗ್ ಹುಡುಗರ ಹಣೆಬರಹಾನೇ ಇಷ್ಟು" ಅಂದ್ರು ಕೋಚ್. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಮತ್ತಷ್ಟು ನಗು. ಎಮ್ಆರ್‌ಐ ಮಾಡಿಸಿದಾಗ ಬಿರುಕು ಕಾಣಿಸ್ತು. ಸ್ಟ್ರೆಸ್ ಫ್ರಾಕ್ಚರ್ ಅನ್ನೋದೇ ಹಾಗೆ, ಮೊದಲ ಎರಡು ಮೂರು ವಾರ ಎಷ್ಟೋ ಸಲ ಎಕ್ಸ್-ರೇಗೆ ಸಿಗೋದೇ ಇಲ್ಲ.

ನನ್ನದು ಬಿಡಿ, ಸ್ಕ್ಯಾನಿಗೆ ಅಪ್ಪ ದುಡ್ಡು ಕೊಟ್ರು. ನಮ್ಮ ಜೊತೆ 800 ಓಡ್ತಿದ್ದ ಹಾಸ್ಟೆಲ್ ಹುಡುಗನಿಗೂ ಅದೇ ನೋವು. ಅವನಿಗೆ ಸಿಕ್ಕಿದ್ದು ಸ್ಪ್ರೇ, ಕ್ರೇಪ್ ಬ್ಯಾಂಡೇಜು, ನೋವಿನ ಮಾತ್ರೆ, ಬೆನ್ನು ತಟ್ಟೋ ಕೈಗಳು. ಓಡಿದ, ಮೆಡಲ್ ತಂದ, ಎಲ್ಲರೂ ಹೊತ್ತು ಕುಣಿದ್ರು. ಆಮೇಲೆ ಮೂಳೆ ಪೂರ್ತಿ ಮುರೀತು. ಅವನು ಮತ್ತೆ ಸ್ಪೈಕ್ಸ್ ಹಾಕಲೇ ಇಲ್ಲ. ಕುಣಿದವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಬಂದ್ರು ಅಂತ ಕೇಳಬೇಡಿ.

ಇದು ಛಲದ ವಿಷಯ ಅಲ್ಲ ಸ್ವಾಮಿ, ಮೂಳೆಯ ವಿಷಯ. ಓಡಿದಾಗ ಸವೆದ ಮೂಳೆಯನ್ನ ದೇಹ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನ ತುಂಬುತ್ತೆ. ಕೆರೆಯೋ ಕೆಲಸ ಕೆಲವೇ ವಾರ, ತುಂಬೋದಕ್ಕೆ ತಿಂಗಳುಗಳು. ಥೇಟ್ ನಮ್ಮ ಬೆಂಗಳೂರಿನ ರಸ್ತೆ: ಅಗೆಯೋರು ಬೇಗ ಬರ್ತಾರೆ, ಮುಚ್ಚೋರು ಬರೋದೇ ಇಲ್ಲ :-) ಆ ಗುಂಡಿ ಮೇಲೆ ದಿನಾ ಲಾರಿ ಓಡಿಸಿದ್ರೆ ಏನಾಗುತ್ತೆ? ಇನ್ನು ಮಾತ್ರೆ ನುಂಗಿ ಓಡೋದು ಅಂದ್ರೆ, ಪ್ರೋಗ್ರಾಂನಲ್ಲಿ ಬಗ್ ಹಾಗೇ ಬಿಟ್ಟು ಎರರ್ ಮೆಸೇಜ್ ಮಾತ್ರ ಆಫ್ ಮಾಡಿದ ಹಾಗೆ. ಸಾಲದ್ದಕ್ಕೆ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಹೋಗೋ ರಕ್ತ ಕಡಿಮೆ ಮಾಡ್ತವೆ. ಬಿಸಿಲಲ್ಲಿ ಬೆವರಿ ನೀರು ಕಳಕೊಂಡವನಿಗೆ ಅದು ಇನ್ನೂ ಅಪಾಯ.

"ಹಾಗಾದ್ರೆ ಸ್ವಲ್ಪ ನೋವಾದ್ರೂ ಹಾಸಿಗೆ ಹಿಡೀಬೇಕಾ?" ಅಂತ ಕೇಳೋರಿದ್ದಾರೆ. ಇಲ್ಲ. ತರಬೇತಿ ಮಾಡಿದ ಮಾರನೇ ದಿನ ಎರಡೂ ತೊಡೆ ಹಿಡ್ಕೊಳ್ಳೋದು ಬೇರೆ, ಒಂದೇ ಮೂಳೆಯ ಒಂದೇ ಬಿಂದು ರಾತ್ರಿ ಮಲಗಿದಾಗಲೂ ನೋಯೋದು ಬೇರೆ. ಅಕಿಲಿಸ್ ಟೆಂಡನ್ ನೋವಿಗಂತೂ ಸುಮ್ಮನೆ ಕೂರೋದೇ ಮದ್ದಲ್ಲ. ಸ್ವೀಡನ್ನಿನ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಈಗಲೂ ಬಳಕೆಯಲ್ಲಿದೆ: ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನ ನಿಧಾನಕ್ಕೆ ಇಳಿಸೋದು, 15 ಸಲದ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಅದಕ್ಕೂ ಛಲ ಬೇಕು, ಓಡೋದಕ್ಕಿಂತ ಹೆಚ್ಚೇ ಬೇಕು. ಆದ್ರೆ ಅದಕ್ಕೆ ಚಪ್ಪಾಳೆ ಇಲ್ಲ.

ಇನ್ನು ಕೆಲವರು ಜೋನ್ ಬೆನಾಯ್ಟ್ ಹೆಸರು ತೆಗೀತಾರೆ. ಮಂಡಿ ಆಪರೇಷನ್ ಆದ 17 ದಿನಕ್ಕೆ ಅಮೆರಿಕದ ಮ್ಯಾರಥಾನ್ ಟ್ರಯಲ್ಸ್ ಗೆದ್ದು, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದಳು. ನಿಜ. ಆದ್ರೆ ಗಮನಿಸಿ, ಮಂಡಿ ಕೈಕೊಟ್ಟಾಗ ಅವಳು ಓಟ ನಿಲ್ಲಿಸಿ ವೈದ್ಯರ ಹತ್ರ ಹೋಗಿದ್ದಳು, ಸ್ಪ್ರೇ ಹೊಡ್ಕೊಂಡು ಓಡಲಿಲ್ಲ. ಪೌಲಾ ರಾಡ್‌ಕ್ಲಿಫ್ 2004ರ ಅಥೆನ್ಸ್ ಮ್ಯಾರಥಾನ್‌ನಲ್ಲಿ ಸುಮಾರು 36 ಕಿಲೋಮೀಟರ್ ಹತ್ತಿರ ನಿಂತುಬಿಟ್ಟಾಗ ಅವಳ ದೇಶದ ಪತ್ರಿಕೆಗಳೇ ಹಿಗ್ಗಾಮುಗ್ಗಾ ಬೈದವು. ಅದೇ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳು!

ಹುಡುಗಿಯರ ಪಾಡು ಇನ್ನೂ ಕಷ್ಟ. ತರಬೇತಿಯ ಹೊರೆಗೆ ತಕ್ಕಷ್ಟು ಊಟ ಇಲ್ಲದೆ ಮುಟ್ಟು ನಿಂತುಹೋದ್ರೆ ಮೂಳೆ ಸಡಿಲವಾಗುತ್ತೆ. 2014ರಲ್ಲೇ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಬಗ್ಗೆ ಎಚ್ಚರಿಸಿದೆ. ನಮ್ಮ ಎಷ್ಟು ಜನ ಕೋಚ್‌ಗಳು ಈ ಮಾತನ್ನ ಬಾಯಿಬಿಟ್ಟು ಕೇಳ್ತಾರೆ? "ತೂಕ ಇಳಿಸು" ಅನ್ನೋಕೆ ಮಾತ್ರ ನಾಚಿಕೆ ಇಲ್ಲ.

ಬರೀ ಕೋಚ್‌ಗಳನ್ನ ಬೈದು ಕೈ ತೊಳಕೊಳ್ಳೋಕೂ ಆಗಲ್ಲ. ಆ ಹಾಸ್ಟೆಲ್ ಹುಡುಗ ಓಡಿದ್ದು ಮೆಡಲ್ ಆಸೆಗಲ್ಲ, ಸರ್ಟಿಫಿಕೇಟಿಗೆ. ಸ್ಪೋರ್ಟ್ಸ್ ಕೋಟಾದ ಸೀಟು, ಕೆಲಸ ಎಲ್ಲಾ ಆ ಕಾಗದದ ಮೇಲೆ ನಿಂತಿದೆ. ಒಂದು ಸೀಸನ್ ಹೋದ್ರೆ ಬದುಕೇ ಹೋದ ಹಾಗೆ ಅನ್ನೋ ಹುಡುಗನಿಗೆ "ರೆಸ್ಟ್ ತಗೋ" ಅನ್ನೋದು ಉಳ್ಳವರ ಮಾತು. ಅದಕ್ಕೇ ಕೇಳ್ತಿರೋದು: ತಂಡಕ್ಕೆ ಟ್ರ್ಯಾಕ್ ಸೂಟ್ ಹಂಚೋ ಕಾಲೇಜುಗಳು ಒಬ್ಬ ಫಿಸಿಯೋಥೆರಪಿಸ್ಟನ್ನ ಯಾಕೆ ಇಟ್ಟುಕೊಳ್ಳಬಾರದು? ಗಾಯವಾಯ್ತು ಅಂತ ವೈದ್ಯರು ಬರೆದುಕೊಟ್ರೆ ಹಿಂದಿನ ವರ್ಷದ ಸಾಧನೆಯನ್ನೇ ಯಾಕೆ ಪರಿಗಣಿಸಬಾರದು? ಸ್ಕ್ಯಾನಿನ ಖರ್ಚನ್ನ ತಂಡದ ಲೆಕ್ಕಕ್ಕೆ ಯಾಕೆ ಸೇರಿಸಬಾರದು?

ಇದೆಲ್ಲಾ ಆಗೋವರೆಗೆ ನಮ್ಮ ಕೈಲಾಗೋದು ಒಂದಿದೆ. ಯಾರಾದ್ರೂ "ಕಾಲು ನೋವಿದ್ರೂ ಹಾಫ್ ಮ್ಯಾರಥಾನ್ ಮುಗಿಸಿದೆ" ಅಂತ ಬ್ಲಾಗಲ್ಲಿ ಬರೆದ್ರೆ "ಸೂಪರ್, ಹ್ಯಾಟ್ಸ್ ಆಫ್" ಅಂತ ಕಾಮೆಂಟ್ ಹಾಕೋ ಮುಂಚೆ ಒಂದು ನಿಮಿಷ ತಡೀರಿ. "ಎಲ್ಲಿ ನೋವು? ಡಾಕ್ಟರಿಗೆ ತೋರಿಸಿದ್ಯಾ?" ಅಂತ ಕೇಳಿ. ನಿಮ್ಮ ಚಪ್ಪಾಳೆ ಕೇಳಿಸಿಕೊಳ್ತಾ ಇರೋದು ಅವನೊಬ್ಬನೇ ಅಲ್ಲ, ಯಾವುದೋ ಮೈದಾನದಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ತಿರೋ ಹದಿನೇಳರ ಹುಡುಗನೂ ಕೇಳಿಸಿಕೊಳ್ತಾನೆ.

ಒಪ್ಪದೇ ಇರೋರು ಧಾರಾಳವಾಗಿ ಬೈಯಿರಿ, ಜಗಳಕ್ಕೆ ನಾನು ರೆಡಿ.